ಬಾಗಿಲ ಮುಂದಿನ ಖಾಲಿ ಜಾಗ

ಫ್ಲಾಪಿ ಹಾಕಿದ್ದೇ ತಡ, ಈ ಫೈಲು ಸರಿಯಿಲ್ಲ ಎಂದು ಕಂಪ್ಯೂಟರು ಇಂಗ್ಲಿಷಿನಲ್ಲಿ ಮುಖಕ್ಕೆ ಹೊಡೆದಂತೆ ಹೇಳಿತು. ಫೈಲಿಗೆ ಏನೂ ಆಗಿರಲಿಲ್ಲ. ಸೊಲ್ಲಾಪುರದಲ್ಲಿ ಆ ಮನೆ ನಕ್ಷೆ ಮಾಡಿದ್ದು ಹೊಸ ಸಾಫ್ಟ್‌ವೇರಿನಲ್ಲಿ, ಇಂಡಿ ಊರಿನಲ್ಲಿ ನಕ್ಷೆ ತಿದ್ದಿ ಪ್ರಿಂಟು ಹಾಕಿಕೊಡುವ ನನ್ನ ಅಂಗಡಿಯಲ್ಲಿದ್ದದ್ದು ಅದರ ಹಳೆಯದು. ಹಳೆಯದರಲ್ಲಿ ಮಾಡಿದ್ದನ್ನು ಹೊಸದು ಓದುತ್ತದೆ, ಹೊಸದರಲ್ಲಿ ಮಾಡಿದ್ದನ್ನು ಹಳೆಯದು ಓದುವುದಿಲ್ಲ. ಇಂಥ ನಿಯಮ ಮಾಡಿದವರು ಒಂದು ದಿನ ನನ್ನ ಕೈಗೆ ಸಿಗಬೇಕಿತ್ತು.

ಅದು ಎರಡು ಸಾವಿರದ ಒಂದನೇ ಇಸವಿ. ಎದುರಿಗೆ ಇಂದೂಬಾಯಿ ಅಕ್ಕೋರು ಕೂತಿದ್ದರು, ನನಗೆ ಶಾಲೆಯಲ್ಲಿ ಗಣಿತ ಕಲಿಸಿದವರು.

"ಏನಾತು ದಾನೇಶ್ವರಿ?"

"ದೇವರು ವರ ಕೊಟ್ರೂ ಪೂಜಾರಿ ಕೊಡವಲ್ಲ ನೋಡ್ರಿ. ಇದು ತೆರಿಯೂದಿಲ್ಲ."

"ಹಂಗನಬ್ಯಾಡವಾ. ಗುರುವಾರ ಪಾಯಾ ಅದ."

ಅವರ ಅವಸರ ನನಗೆ ಗೊತ್ತಿತ್ತು. ಯಜಮಾನರು ಪಂಢರಿನಾಥ ಕಾಕಾ ಪೋಸ್ಟಿನಲ್ಲಿದ್ದವರು. ಸಂಜೆ ಬಜಾರಿಗೆ ಹೋಗಿ ಸಿಕ್ಕವರ ಜೊತೆ ವಾದ ಹಾಕದಿದ್ದರೆ ಉಂಡದ್ದು ಅರಗದ ಮನುಷ್ಯ. ಲಕ್ವಾ ಹೊಡೆದು ಕಾಲು ಹೋದ ಮೇಲೆ ಗಾಲಿ ಕುರ್ಚಿಯೇ ಗತಿಯಾಗಿ, ಬಾಡಿಗೆ ಮನೆಯ ಮಾಳಿಗೆ ಬಿಟ್ಟು ದೀಪಾವಳಿಯಿಂದ ಕೆಳಗೆ ಇಳಿದಿರಲಿಲ್ಲ. "ಯಾರ ಹಂಗೂ ಇಲ್ಲದ ಅವರು ತಾವs ಹೊರಗ ಬರಬೇಕು, ನನಗ ಇಷ್ಟs ಸಾಕು" ಎಂದು ಅಕ್ಕೋರು ಸ್ವಂತ ಜಾಗದಲ್ಲಿ ಮಾಳಿಗೆಯಿಲ್ಲದ ಮನೆ ಕಟ್ಟಿಸಲು ಹೊರಟಿದ್ದರು. ನಕ್ಷೆ ಮಾಡಿದವನು ಸೊಲ್ಲಾಪುರದಲ್ಲಿದ್ದ ಅವರ ತಂಗಿಯ ಮಗ ಧೀರೇಂದ್ರ.

ಅವನಿಗೆ ಫೋನು ಹಚ್ಚಿದೆ. "ಹಳೇ ನಮೂನಿಯೊಳಗ ಮಾಡಿ ಕಳಸಪಾ. ನಿನ್ನ ಹೊಸದು ಇಲ್ಲಿ ನಡಿಯೂದಿಲ್ಲ."

"ಅದನ್ನ ಇನ್ನೂ ಇಟ್ಕೊಂಡೀರೇನ್ರಿ?" ಎಂದ.

ನನಗೆ ಮೈಯೆಲ್ಲ ಉರಿಯಿತು. "ಇಟ್ಕೊಂಡೇನಿ. ನನಗ ಅನ್ನಾ ಹಾಕಾಕತ್ತೈತಿ ಅದು."

ಮರುದಿನ ಸೊಲ್ಲಾಪುರ ಬಸ್ಸಿನ ಡ್ರೈವರ್ ಇನ್ನೊಂದು ಫ್ಲಾಪಿ ತಂದುಕೊಟ್ಟ. ನಮ್ಮ ಕಡೆ ಅವಸರದ ಟಪಾಲು ಬರುವುದೇ ಹಾಗೆ. ಈ ಸಲ ನಕ್ಷೆ ತೆರೆಯಿತು. ಗೋಡೆ, ಬಾಗಿಲು, ಕಿಟಕಿ ಎಲ್ಲ ಬಂದಿದ್ದವು. ಅಕ್ಷರಗಳು ಮಾತ್ರ ಬರೀ ಪ್ರಶ್ನೆ ಚಿಹ್ನೆಗಳಾಗಿದ್ದವು. ಅಡುಗೆಮನೆ ಯಾವುದು, ದೇವರಮನೆ ಯಾವುದು ಎಂದು ಗೋಡೆ ನೋಡಿಯೇ ಗುರುತಿಸಿ ಹೊಸದಾಗಿ ಹೆಸರು ಬರೆದೆ. ಮುಂಬಾಗಿಲ ಹೊರಗೆ ಕಂಪೌಂಡಿನವರೆಗೂ ಜಾಗ ಖಾಲಿಯಿತ್ತು. ಅದರ ನಡುವೆ ಒಂದು ಸಾಲು ಪ್ರಶ್ನೆ ಚಿಹ್ನೆ. ಅಲ್ಲಿ ಕೋಣೆಯೇ ಇಲ್ಲ, ಹೆಸರು ಯಾಕೆ ಎಂದು ಅಳಿಸಿದೆ.

ಅಕ್ಕೋರ ಜೊತೆ ಬಂದಿದ್ದ, ಮನೆ ಕಟ್ಟಬೇಕಾದ ಗೌಂಡಿ ರಾವಸಾಬ ಬಗ್ಗಿ ನೋಡಿದ. "ಮುಂದ ಕಟ್ಟಿ ಮರತಾನಲ್ರಿ ಹುಡುಗ."

"ಫ್ಲ್ಯಾಟಿನ್ಯಾಗ ಇರೋರಿಗೆ ಕಟ್ಟಿ ಎಲ್ಲಿ ನೆನಪಿರತೈತಿ?" ಎಂದೆ.

"ಕಟ್ಟಿ ಇಲ್ಲದ್ದು ಮನಿ ಏನ್ರಿ, ಗೋದಾಮ ಅದು. ಬಾಜೂ ಮನಿಕಿಂತ ತಗ್ಗ ಆಗಬಾರದು, ಮೂರ ಫೂಟ ಎತ್ತರಾ ಮಾಡೂಣು. ಮೆಟ್ಟಲಾ ಐದ ಇರಲಿ, ಬೆಸಾ ಇರಬೇಕು."

ಅಕ್ಕೋರ ಮುಖ ಅರಳಿತು. "ಹೌದs ಮತ್ತ. ಸಂಜಿಮುಂದ ಯಾರರೆ ಬಂದ್ರ ಎಲ್ಲಿ ಕೂಡಬೇಕು? ಹಾಕವಾ ದಾನೇಶ್ವರಿ."

ಹಾಕಿದೆ. ಕಟ್ಟೆ ಬಂದ ಮೇಲೆ ನಕ್ಷೆಗೆ ಮನೆಯ ಕಳೆ ಬಂತು. ಮೂವರೂ ಚಹಾ ಕುಡಿದೆವು. ಪ್ರಿಂಟು ತೆಗೆದುಕೊಂಡು ನಾನೂ ಅಕ್ಕೋರೂ ಕಾಕಾನಿಗೆ ತೋರಿಸಲು ಹೋದೆವು.

ಕಾಕಾ ಅದನ್ನು ತೊಡೆಯ ಮೇಲೆ ಹರಡಿಕೊಂಡರು. ಎಡಗೈ ಬೆರಳು ಮಲಗುವ ಕೋಣೆಯಿಂದ ಹೊರಟು ಪಡಸಾಲೆಗೆ ಬಂತು, ಮುಂಬಾಗಿಲು ದಾಟಿತು, ಮೆಟ್ಟಿಲ ಹತ್ತಿರ ನಿಂತಿತು. ಅವರ ಮಾತು ತೊದಲುತ್ತಿತ್ತು, ಆದರೆ ತಿಳಿಯುತ್ತಿತ್ತು.

"ಮನಿ ಛಲೋ ಅದ. ಇಲ್ಲಿಂದ ನನ್ನ ಯಾರು ಇಳಸ್ತಾರ?"

ನನಗೆ ನಿಂತ ನೆಲವೇ ಬಾಯಿಬಿಟ್ಟರೆ ಸಾಕು ಅನ್ನಿಸಿತು. ಮನೆ ಕಟ್ಟುವುದೇ ಈ ಮನುಷ್ಯನಿಗಾಗಿ, ಅವರ ಮುಂದೆಯೇ ಐದು ಮೆಟ್ಟಿಲು ತಂದಿಟ್ಟಿದ್ದೆವು. ಅಕ್ಕೋರು ಗೋಡೆ ಹಿಡಿದು ಕೆಳಗೆ ಕೂತರು. "ದಿನಾ ಎತ್ತಿ ಕೂಡಸೂದು ನಾನು. ನನಗೂ ಹೊಳೀಲಿಲ್ಲಲ್ರಿ" ಎಂದು ಸೆರಗು ಬಾಯಿಗೆ ಹಚ್ಚಿ ಅತ್ತರು.

ಅಲ್ಲಿಂದಲೇ ಧೀರೇಂದ್ರನಿಗೆ ಫೋನು ಮಾಡಿದೆ. "ಬಾಗಲಾ ಮುಂದ ಏನ ಮಾಡಿದ್ದಿ?"

"ರ‍್ಯಾಂಪ್ ಮಾಡೀನ್ರಿ. ಕಾಕಾನ ಕುರ್ಚಿ ಇಳೀಲಿಕ್ಕೆ ಇಳಿಜಾರು. ಅದು ಬ್ಯಾರೆ ಫೈಲು, ಇದಕ್ಕ ಜೋಡಿಸಿದ್ದೆ. ಬರಲಿಲ್ಲೇನು?"

ಬಂದಿರಲಿಲ್ಲ. ಆ ಫೈಲು ಸೊಲ್ಲಾಪುರದಲ್ಲೇ ಉಳಿದು, ಅದರ ಹೆಸರಷ್ಟೇ ಪ್ರಶ್ನೆ ಚಿಹ್ನೆಯಾಗಿ ಇಂಡಿಗೆ ಬಂದಿತ್ತು. ಕಳಿಸಲೇನು ಎಂದ. "ಕಳಸೂದು ತೆರಿಯೂದು ಸಾಕಾಗೈತಿ. ಅಳತಿ ಬಾಯಿಲೆ ಹೇಳು, ನಾ ಬರಕೊಂತೇನಿ" ಎಂದೆ. ಪ್ರಿಂಟಿನ ಹಿಂಬದಿಯಲ್ಲೇ ಬರೆದುಕೊಂಡು ಮತ್ತೆ ಕಾಕಾನ ತೊಡೆಯ ಮೇಲಿಟ್ಟೆ. ಇಳಿಜಾರು ನಿಧಾನವಾಗಿ ಇಳಿಯಬೇಕು, ಕಂಪೌಂಡಿನ ಹತ್ತಿರ ತಿರುಗಿ ಮತ್ತೆ ಇಳಿಯಬೇಕು. ಮುಂದಿನ ಜಾಗವೆಲ್ಲ ಅದಕ್ಕೇ ಬೇಕಿತ್ತು.

"ಅಕ್ಕೋರ, ಇದನ್ನ ಮಾಡಿದ್ರ ಕಟ್ಟಿಗೆ ಜಾಗಾ ಉಳಿಯೂದಿಲ್ರಿ" ಎಂದೆ. ಹೇಳುವಾಗ ನನಗೇ ಸಂಕಟವಾಯಿತು. ನಕ್ಷೆಯಲ್ಲಿ ಕಟ್ಟೆ ಕಂಡಾಗ ಅವರಿಗೆ ಆದ ಖುಷಿ ನಾನು ಕಣ್ಣಾರೆ ನೋಡಿದ್ದೆ.

ಅವರು ಬಾಯಿ ತೆರೆಯುವ ಮೊದಲು ಕಾಕಾ ಅಂದರು, "ಕಟ್ಟಿ ಇರಲಿ ಬಿಡು, ಆಕಿಗೆ ಬೇಕಾಗ್ಯದ. ನನ್ನ ಹೊರಗ ಒಯ್ಯಲಿಕ್ಕೆ ಹೆಂಗೂ ಒಂದಿನ ನಾಕ ಮಂದಿ ಬರ್ತಾರ."

ಅಕ್ಕೋರು ಕಣ್ಣೊರೆಸಿಕೊಂಡು ಎದ್ದು ಬಂದು, ಅವರ ತೊಡೆಯ ಮೇಲಿನ ಹಾಳೆ ತೆಗೆದು ನನ್ನ ಕೈಗಿಟ್ಟರು. ಶಾಲೆಯಲ್ಲಿ ಲೆಕ್ಕ ತಪ್ಪಿದಾಗ ಬರುತ್ತಿದ್ದ ಸಿಟ್ಟೇ ಆ ಮುಖದಲ್ಲಿತ್ತು.

"ಆ ನಾಕ ಮಂದಿ ಬಂದು ಕೂಡಲಿ ಅಂತ ನಾ ಕಟ್ಟಿ ಕಟ್ಟಸಬೇಕೇನು?" ಎಂದರು ಕಾಕಾನಿಗೆ. ಆಮೇಲೆ ನನ್ನ ಕಡೆ ತಿರುಗಿ, "ಅಳಸು" ಎಂದರು.