ಎರಡನೇ ಸಲ ಓಡಿಹೋದ ಜೇನು

ಹುಡಗಿ ಎಂಬ ಊರಿನ ಸರಿತಾಳ ಜೇನು ಎರಡನೇ ಸಲವೂ ಓಡಿಹೋಗಿತ್ತು. ಬೆಳಿಗ್ಗೆ ಮುಚ್ಚಳ ಎತ್ತಿದರೆ ಪೆಟ್ಟಿಗೆಯೊಳಗೆ ಮೇಣದ ಖಾಲಿ ಎರಿ, ನಾಲ್ಕು ಸತ್ತ ಹುಳ, ಅಷ್ಟೇ.

ಹುಮನಾಬಾದಿನಲ್ಲಿ ಮೂರು ದಿನ ತರಬೇತಿಗೆ ಕೂತು, ರಾಣಿ ಹುಳ ಯಾವುದು, ಗಂಡು ಹುಳ ಯಾವುದು ಎಂದು ಬಾಯಿಪಾಠ ಮಾಡಿ ಬಂದವಳು ಅವಳು. ಹೇಳಿದ್ದರಲ್ಲಿ ಒಂದನ್ನೂ ಬಿಟ್ಟಿರಲಿಲ್ಲ. ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು ಇಟ್ಟಿದ್ದಳು. ಬಿಸಿಲು ತಾಗದಿರಲೆಂದು ಆಡಿನ ಕೊಟ್ಟಿಗೆಯ ಪಕ್ಕ ಹುಣಸೆಯ ನೆರಳು ಹುಡುಕಿದ್ದಳು. ಕುಟುಕಿಸಿಕೊಂಡು ಕಣ್ಣು ಬಾತಾಗಲೂ ಹಟ ಬಿಟ್ಟಿರಲಿಲ್ಲ. ಈ ದರಿದ್ರ ಹುಳಗಳಿಗೆ ಇನ್ನೇನು ಬೇಕಿತ್ತು, ಪಲ್ಲಕ್ಕಿಯೇ?

ತಪ್ಪು ಮಾಡಿ ಎರಡು ಸಲ ಹುಳ ಕಳೆದುಕೊಂಡರೆ ಕೊಟ್ಟ ಪೆಟ್ಟಿಗೆ ವಾಪಸು, ಇದು ತರಬೇತಿಯವರ ಕರಾರು. ಕೊಹಿನೂರ ಊರಿನ ಒಬ್ಬಾಕೆ ಆ ಪೆಟ್ಟಿಗೆಗೆ ಆಗಲೇ ಪಾಳಿ ಹಚ್ಚಿ ಕೂತಿದ್ದಳು. ಸರಿತಾಳ ಸಿಟ್ಟು ಅತ್ತೆ ಸಖುಬಾಯಿಯ ಮೇಲೆ ತಿರುಗಿತು.

"ನೀವೇ ಮುಟ್ಟಿ ಮುಟ್ಟಿ ಓಡಿಸಿದ್ರಿ! ಇವತ್ತ ತರಬೇತಿ ಸರ್ ಬಂದು ಪೆಟಗಿ ಒಯ್ದ್ರಂದ್ರ ನಿಮಗ ಸಮಾಧಾನ ಆಗ್ತದ."

"ಒಮ್ಮಿ ಇಣುಕೀನವ್ವ, ಅದೂ ಹ್ವಾದ ತಿಂಗಳಾ," ಎಂದಳು ಮುದುಕಿ. ಸರಿತಾ ಕಿವಿಗೆ ಹಾಕಿಕೊಳ್ಳಲಿಲ್ಲ.

ಹನ್ನೊಂದರ ಹೊತ್ತಿಗೆ, ಅವಳಿಗೆ ಕಲಿಸಿದ ನಾಗನಾಥ ಸರ್ ಬೈಕಿನಲ್ಲಿ ಬಂದರು. ಪೆಟ್ಟಿಗೆಗೆ ಮೂಗು ಹಚ್ಚಿ ಮೂಸಿದರು, ಕೊಟ್ಟಿಗೆಯ ಕಡೆ ನೋಡಿದರು. ಅಲ್ಲಿ ಬೂದಿಯ ರಾಶಿ, ಅರೆಸುಟ್ಟ ಬೇವಿನ ಸೊಪ್ಪು.

"ಇಲ್ಲಿ ಹೊಗಿ ಯಾರ ಹಾಕ್ತಾರ? ಪೆಟಗಿ ತುಂಬ ಬೇವಿನ ಘಾಟ ಅದ. ಹುಳ ಹ್ಯಾಂಗ ಇರಬೇಕು?"

ಸರಿತಾ ಬೂದಿಯ ರಾಶಿಯತ್ತ ತಿರುಗಿದಳು. ಸೊಳ್ಳೆ ಕಡಿದರೆ ಆಡು ಮಲಗುವುದಿಲ್ಲ ಎಂದು ದಿನಾ ಸಂಜೆ ಹೊಗೆ ಹಾಕುವವಳು ಅವಳೇ. ಆಡು ಸಾಕುವ ಮನೆಯಲ್ಲಿ ಕಸ ಗುಡಿಸಿದಷ್ಟೇ ರೂಢಿಯ ಕೆಲಸವದು, ಮಾಡಿದ್ದು ನೆನಪೂ ಉಳಿಯದು. ಜೇನಿಗೆ ಎರಡೇ ಊದು ಹೊಗೆ, ಅದೂ ಪೆಟ್ಟಿಗೆ ತೆರೆಯುವಾಗ ಮಾತ್ರ ಎಂದು ಇದೇ ಸರ್ ಬಾಯಿ ಬಡಿದುಕೊಂಡಿದ್ದರು.

"ನಾನೇ ಹಾಕ್ತೀನ್ರಿ," ಎಂದುಬಿಟ್ಟಳು ಸಖುಬಾಯಿ. "ಅಕಿಗಿ ಗೊತ್ತೇ ಇಲ್ರಿ. ಅಕಿ ಬರೋಬ್ಬರಿ ಕಲ್ತಾಳ."

"ಹಂಗಿದ್ರ ಅಕಿ ತಪ್ಪೇನದ?" ಎಂದರು ಸರ್. "ಪೆಟಗಿ ಇರಲಿ, ಮತ್ತ ಹುಳ ಕೊಡಸ್ತೀನಿ."

ಬಾಯಿ ಮುಚ್ಚಿಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬೆಳಿಗ್ಗೆ ಅತ್ತೆಗೆ ಅಂದದ್ದು ನೆನೆದು ಸರಿತಾಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

"ಅವರಲ್ರಿ ಸರ್. ಹೊಗಿ ಹಾಕಾಕಿ ನಾನು."

ಸರ್ ಪೆಟ್ಟಿಗೆಯನ್ನು ಎತ್ತಿ ಬೈಕಿಗೆ ಕಟ್ಟಿಕೊಂಡರು. "ಏನ ಮಾಡ್ಲಿ ತಂಗಿ, ಕರಾರು ಎಲ್ಲಾರಿಗೂ ಒಂದೇ," ಎಂದು ಹೊರಟರು.

ಸಖುಬಾಯಿ ಹಣೆ ಬಡಿದುಕೊಂಡಳು. "ಹುಚ್ಚಿ! ಸುಮ್ಮ ಇದ್ದಿದ್ರ ಪೆಟಗಿ ಉಳೀತಿತ್ತಲ್ಲ?"

"ಉಳೀತಿತ್ತು ಅತ್ತಿ," ಎಂದಳು ಸರಿತಾ. "ಅದನ್ನ ಇಟಗೊಂಡು ದಿನಾ ನಿಮ್ಮ ಮಾರಿ ಹ್ಯಾಂಗ ನೋಡ್ಲಿ?"