ಅಪ್ಪಟ ಬೆಳ್ಳಿಯ ಹಿಡಿ

ಬೆಳ್ಳಿ ಸಾಮಾನು ರಿಪೇರಿ ಮಾಡುವ ತಂಗಿಗೆ ಗಿರಾಕಿಗಳ ಕಾಟ ಹೊಸದಲ್ಲ. ಆದರೆ ಗಿರಾಕಿ ಸ್ವಂತ ಭಾವನೇ ಆದರೆ ಬಾಗಿಲು ತೋರಿಸುವುದಾದರೂ ಹೇಗೆ? ಅಕ್ಕನ ಗಂಡನಿಗೆ ಎಲ್ಲವೂ ಅಪ್ಪಟವಾಗಿರಬೇಕು. ಅಪ್ಪಟ ಜೇನು, ಅಪ್ಪಟ ಹತ್ತಿ, ಅಪ್ಪಟ ತೇಗ. ಬೆನ್ನ ಹಿಂದೆ ಮನೆಮಂದಿಯೆಲ್ಲ ಅವನನ್ನು ಅಪ್ಪಟ ಎಂದೇ ಕರೆಯುತ್ತಿದ್ದರು.

ಆ ದಿನ ಅವನು, ಅಮ್ಮನಿಂದ ಅಕ್ಕನಿಗೆ ಬಂದ ಬೆಳ್ಳಿಯ ಟೀ ಹೂಜಿಯನ್ನು ತಂದು ಅಂಗಡಿಯ ಮೇಜಿನ ಮೇಲೆ ಕುಕ್ಕಿದ. ನೂರು ವರ್ಷ ದಾಟಿದ ಹೂಜಿ. ಹೊಟ್ಟೆಯ ಸುತ್ತ ಬಳ್ಳಿಯ ಕೆತ್ತನೆ, ಮುಚ್ಚಳದ ಮೇಲೊಂದು ಹಕ್ಕಿ. ಅದೆಲ್ಲ ಯಾರಿಗೆ ಬೇಕು? ಅವನ ಕಣ್ಣು ಬಿದ್ದದ್ದು ಹಿಡಿಯ ಎರಡು ತುದಿಗಳಲ್ಲಿದ್ದ ಹಳದಿ ಬಿಲ್ಲೆಗಳ ಮೇಲೆ. ಯಾವನೋ ಮುರಿದು ತೇಪೆ ಹಾಕಿದ್ದಾನೆ, ಕಿತ್ತೆಸೆದು ಬೆಳ್ಳಿಯಲ್ಲೇ ಬೆಸೆದುಕೊಡು ಎಂದ.

ಅದು ತೇಪೆಯಲ್ಲ, ಮೂಳೆಯ ಬಿಲ್ಲೆ, ಹೂಜಿಯ ಬಿಸಿ ಹಿಡಿಗೆ ಹತ್ತದಂತೆ ತಡೆಯುವುದೇ ಅದರ ಕೆಲಸ ಎಂದು ತಂಗಿ ಹೇಳಿದಳು. ಇನ್ನೊಮ್ಮೆ ಹೇಳಿದಳು. ಮೂರನೇ ಸಲ ಚೀಟಿಯಲ್ಲಿ ಬರೆದು ತೋರಿಸಿದಳು. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನಿಗೆ ನಾಲ್ಕನೆಯದನ್ನು ತೋರಿಸಿ ಉಪಯೋಗವೇನು? ಕೆಲಸ ಬಾರದಿದ್ದರೆ ಬಾರದು ಅಂತ ಒಪ್ಪಿಕೋ ಎಂದು ಹಂಗಿಸಿ, ಹೂಜಿಯನ್ನು ಬಗಲಿಗೆ ಸಿಕ್ಕಿಸಿಕೊಂಡು ಹೊರಟೇಬಿಟ್ಟ. ಪಕ್ಕದ ಬೀದಿಯ ಕೆಲಸಗಾರ ಮರುಮಾತಾಡದೆ ಅವನು ಹೇಳಿದಂತೆಯೇ ಮಾಡಿಕೊಟ್ಟ.

ಮೂರು ತಿಂಗಳ ಮೇಲೆ ತಂಗಿ ಅಕ್ಕನ ಮನೆಗೆ ಹೋದಳು. ಭಾವನ ಹಳೆಯ ಆಫೀಸಿನ ನಾಲ್ವರು ಸೋಫಾ ತುಂಬ ಕೂತಿದ್ದರು. ಅಕ್ಕ ಹೂಜಿಯ ಹಿಡಿಗೆ ಬಟ್ಟೆ ಸುತ್ತಿ ತಂದಳು. ಅಪ್ಪಟ ಬೆಳ್ಳಿಯನ್ನು ಮಸಿಬಟ್ಟೆಯಲ್ಲಿ ಮುಚ್ಚಿಡುತ್ತಾರೆಯೇ ಎಂದು ಭಾವ ಎಲ್ಲರೆದುರೇ ಆ ಬಟ್ಟೆಯನ್ನು ಕಿತ್ತುಕೊಂಡ. ಅಕ್ಕ ಬರಿಗೈಯಲ್ಲೇ ಎರಡು ಕಪ್ ತುಂಬಿದಳು.

ತಂಗಿಗೆ ಮೈಯೆಲ್ಲ ಉರಿಯಿತು. ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ಈ ಮಹಾರಾಯ ಒಂದೇ ಒಂದು ಸಲ ಟೀ ಬಗ್ಗಿಸಿದ್ದರೆ ತಾನೇ ತಿಳಿಯುವುದು! ಹೂಜಿ ಕೆಳಗಿಡು ಎಂದು ಅಕ್ಕನಿಗೆ ಹೇಳಿ ಭಾವನ ಕಡೆ ತಿರುಗಿದಳು.

“ಉಳಿದವರಿಗೆ ನೀವೇ ಹಾಕಿ ಭಾವ.”

ಗೆಳೆಯರ ಮುಂದೆ ಇಲ್ಲವೆನ್ನಲಾದೀತೇ? ಠೀವಿಯಿಂದ ಎತ್ತಿದ. ಎತ್ತಿದಷ್ಟೇ ಬೇಗ ಕುಕ್ಕಿದ. ಟೀ ಮೇಜೆಲ್ಲ ಹರಿಯಿತು. ಬೆರಳಿಗೆ ಉಫ್ ಉಫ್ ಎಂದು ಊದಿಕೊಳ್ಳುತ್ತಾ ಹೆಂಡತಿಯ ಮೇಲೆಯೇ ರೇಗಿದ.

“ಇಷ್ಟು ಸುಡುತ್ತೆ ಅಂತ ಮೊದಲೇ ಹೇಳೋಕೇನಾಗಿತ್ತು ನಿನಗೆ?”

ಅಕ್ಕ ಬಲಗೈ ಬಿಚ್ಚಿ ಅವನ ಕಣ್ಣ ಮುಂದೆ ಹಿಡಿದಳು. ಬೆರಳುಗಳ ಉದ್ದಕ್ಕೂ ಚರ್ಮ ಕೆಂಪಾಗಿ, ಒಡೆದ ಬೊಬ್ಬೆಗಳ ಜಾಗ ಜಡ್ಡುಗಟ್ಟಿತ್ತು. ಬಂದವರು ತಮ್ಮ ತಮ್ಮ ಚಪ್ಪಲಿ ಹುಡುಕಿಕೊಂಡರು.

ಮರುದಿನ ಬೆಳಿಗ್ಗೆ ಭಾವ ಬೆರಳಿಗೆ ಮುಲಾಮು ಮೆತ್ತಿಕೊಂಡು ಹೂಜಿಯೊಂದಿಗೆ ಅಂಗಡಿಗೆ ಬಂದ. ಮೂಳೆ ಬಿಲ್ಲೆ ಮತ್ತೆ ಹಾಕಿಕೊಡಲು ಆಗುತ್ತದೆಯೇ ಎಂದು ಮೆಲ್ಲಗೆ ಕೇಳಿದ. ತಂಗಿ ಹೂಂ ಎಂದು ಹೂಜಿಗೆ ಕೈ ಚಾಚುವಷ್ಟರಲ್ಲಿ, ಹಿಂದೆಯೇ ಬಂದಿದ್ದ ಅಕ್ಕ ಅದನ್ನು ಎತ್ತಿಕೊಂಡಳು.

“ಬೇಡ ಕಣೇ, ಹೀಗೇ ಇರ್ಲಿ. ಇನ್ಮೇಲೆ ಟೀ ಹಾಕೋದು ಇವರೇ.”