ಸೋತರೆ ಎಂದು ಬರೆದಿಟ್ಟ ವರದಿ

ಪತ್ರಕರ್ತರ ಸಾಲಿನಲ್ಲಿ ಕೂತವನು ಕೂಗಬಾರದು. ಚಪ್ಪಾಳೆ ತಟ್ಟಬಾರದು. ಗೋಲು ಬಿದ್ದರೂ ಹೆಣ ಕಾಯುವವನ ಮುಖ ಹೊತ್ತು ಕೂರಬೇಕು. ಈ ನಿಯಮ ಮಾಡಿದ ಮಹಾನುಭಾವ ಜನ್ಮದಲ್ಲಿ ಒಂದು ಚೆಂಡನ್ನೂ ಒದ್ದಿರಲಿಕ್ಕಿಲ್ಲ ಎಂಬುದು ಕೆಂಡನ ಖಚಿತ ಅಭಿಪ್ರಾಯ. ಕೆಂಡ ಎಂಬುದು ಕಚೇರಿಯವರು ಇಟ್ಟ ಅಡ್ಡಹೆಸರು. ಕಾರಣವನ್ನು ಯಾರೂ ಕೇಳುತ್ತಿರಲಿಲ್ಲ; ಅವನೊಡನೆ ಎರಡು ಮಾತಾಡಿದರೆ ತಾನಾಗಿ ತಿಳಿಯುತ್ತಿತ್ತು.

ಅವನು ನೀಲಿ ತಂಡದ ಫುಟ್‌ಬಾಲ್ ಪಂದ್ಯಗಳನ್ನು ವರದಿ ಮಾಡುವವನು. ನೀಲಿ ತಂಡವೆಂದರೆ ಪ್ರಾಣ ಬಿಡುವ ತಾಯಿಯ ಮಗ ಕೂಡ. ಹಿಂದಿನ ಪಂದ್ಯದಲ್ಲಿ ಕುರ್ಚಿಯ ಮೇಲೆ ಹತ್ತಿ, ರೆಫರಿಗೆ ಕನ್ನಡಕ ಕೊಡಿಸುವುದಾಗಿ ಕೂಗಿದ್ದ. ಕ್ರೀಡಾಪುಟದ ಯಜಮಾನರು ಕರೆಸಿ ಹೇಳಿದ್ದರು:

"ನೋಡಪ್ಪ, ಫೈನಲ್‌ನಲ್ಲಿ ನಿನ್ನ ಬಾಯಿಂದ ಒಂದು ಸದ್ದು ಬರ್ಲಿ, ಇಲ್ಲಾ ವರದೀಲಿ ಭಜನೆ ಶುರು ಮಾಡು, ಮಾರನೇ ದಿನದಿಂದ ನೀನು ಹವಾಮಾನ ಬರಿ. ಬೇಕಾದ್ರೆ ಮೋಡಕ್ಕೆ ಜೈಕಾರ ಹಾಕು."

ಫೈನಲ್ ಕೊನೆಗೆ ಬಂದರೂ ಗೋಲಿಲ್ಲ. ಪಂದ್ಯ ಮುಗಿಯುವುದಕ್ಕೂ ಪುಟ ಅಚ್ಚಿಗೆ ಹೋಗುವುದಕ್ಕೂ ನಡುವೆ ಮೂಗು ಒರೆಸಿಕೊಳ್ಳುವಷ್ಟೂ ಪುರುಸೊತ್ತಿಲ್ಲ. ಅದಕ್ಕೇ ವರದಿಗಾರರು ಮೊದಲೇ ಎರಡು ವರದಿ ಬರೆದಿಟ್ಟುಕೊಳ್ಳುತ್ತಾರೆ: ಗೆದ್ದರೆ ಒಂದು, ಸೋತರೆ ಒಂದು. ಕೆಂಡ ಮಾತ್ರ ಗೆದ್ದ ವರದಿಗೆ ಕೈ ಹಚ್ಚುತ್ತಿರಲಿಲ್ಲ. ಬರೆದರೆ ತಂಡಕ್ಕೆ ದೃಷ್ಟಿ ತಗಲುತ್ತದೆ! ಸೋತ ವರದಿಯೊಂದನ್ನೇ ಕುಟ್ಟುತ್ತಿದ್ದ. ಮೇಲೆ ಹಲ್ಲು ಕಚ್ಚಿಕೊಂಡು ಬರೆದ ಮೂರು ಸಾಲು: ಹಳದಿ ತಂಡ ಗೆದ್ದಿತು. ಒಂದು ಗೋಲು ಸಾಕಾಯಿತು. ಆಟದಲ್ಲಿ ವಿಶೇಷವೇನೂ ಇರಲಿಲ್ಲ. ಅದರ ಕೆಳಗೆ ನೀಲಿ ಹುಡುಗರಿಗೆ ಪುಟಗಟ್ಟಲೆ ಮಂಗಳಾರತಿ.

ಪಕ್ಕದ ಕುರ್ಚಿಯಲ್ಲಿ ಹಳದಿ ತಂಡದ ಊರಿನ ಪತ್ರಿಕೆಯವಳು. ವಯಸ್ಸಿನಲ್ಲಿ ದೊಡ್ಡವಳು, ಅಕ್ಕ ಎಂದೇ ಎಲ್ಲರೂ ಕರೆಯುವುದು. ಇಣುಕಿ ನೋಡಿ ನಕ್ಕಳು.

"ಏನ್ ತಮ್ಮಾ, ನಿಮ್ಮೋರು ಆಗ್ಲೇ ಸೋತ್ರಾ? ಇನ್ನೂ ಆಡ್ತಾನೇ ಇದಾರಲ್ಲೋ."

"ಸುಮ್ನಿರಕ್ಕಾ. ನಾನು ಬೈದಷ್ಟೂ ಅವ್ರು ಚೆನ್ನಾಗಿ ಆಡ್ತಾರೆ."

ಅಷ್ಟರಲ್ಲಿ ನೀಲಿ ಹುಡುಗನೊಬ್ಬ ದೂರದಿಂದ ಒದ್ದ. ಗೋಲು! ಹಿಂದೆಯೇ ಕೊನೆಯ ಸೀಟಿ. ಮೈದಾನಕ್ಕೆ ಮೈದಾನವೇ ಎದ್ದು ಕುಣಿಯಿತು. ಕೆಂಡ ಕೊರಳಿನ ಗುರುತುಪಟ್ಟಿಯನ್ನು ಬಾಯಿಗೆ ತುರುಕಿಕೊಂಡ. ಗಂಟಲವರೆಗೆ ಬಂದ ಕೂಗನ್ನು ಕಲ್ಲು ನುಂಗಿದಂತೆ ನುಂಗಿದ. ಕಣ್ಣಲ್ಲಿ ನೀರು ಬಂತು.

"ಉಸಿರು ಬಿಡಪ್ಪಾ, ಸತ್ತೀಯ" ಎಂದು ಅಕ್ಕ ಬೆನ್ನು ತಟ್ಟಿದಳು. ಸೋತದ್ದು ಅವಳ ತಂಡ!

ಫೋನು ಬಡಿದುಕೊಂಡಿತು. "ವರದಿ ಎಲ್ಲಯ್ಯಾ? ಪುಟ ಹೊರಡ್ತಾ ಇದೆ!"

ಗೆದ್ದ ವರದಿ ಎಲ್ಲಿಂದ ಬರಬೇಕು? ಕೆಂಡ ಇದ್ದುದರಲ್ಲೇ ನೀಲಿ ಇದ್ದ ಕಡೆ ಹಳದಿ, ಹಳದಿ ಇದ್ದ ಕಡೆ ನೀಲಿ ಹಾಕಿ ಕಳಿಸಿಬಿಟ್ಟ.

ಬೆಳಿಗ್ಗೆ ಯಜಮಾನರ ಫೋನು. "ಭೇಷ್ ಕಣಯ್ಯಾ! ಕೆಳಗಿನ ಬೈಗುಳನೆಲ್ಲಾ ಜಾಗ ಸಾಲ್ದೆ ಕತ್ತರಿಸ್ದೆ. ಆದ್ರೆ ಮೇಲಿನ ಮೂರು ಸಾಲು ಚಿನ್ನ! ಸ್ವಂತ ತಂಡ ಗೆದ್ದಾಗ ಇಷ್ಟು ಸಮಾಧಾನ! ಆ ಕುರ್ಚಿ ನಿಂದೇ, ಹೋಗು."

ಅಡುಗೆಮನೆಯಲ್ಲಿ ಅಮ್ಮ ನೀಲಿ ಶಾಲು ಹೊದ್ದು ಪೇಪರ್ ಹಿಡಿದು ನಿಂತಿದ್ದಳು. ಈ ಗೆಲುವಿಗೆ ಕಾದು ಕಾದು ಕೂದಲು ಹಣ್ಣಾಗಿತ್ತು. ಮಗನ ವರದಿಯನ್ನು ಗೋಡೆಗೆ ಹಾಕಬೇಕೆಂದು ತನ್ನ ಮದುವೆಯ ಫೋಟೊ ತೆಗೆದು ಚೌಕಟ್ಟು ಖಾಲಿ ಮಾಡಿಟ್ಟಿದ್ದಳು.

"ಇದೇನೋ ಇದು? 'ವಿಶೇಷವೇನೂ ಇರಲಿಲ್ಲ'? ನಿನ್ನ ಹೊಟ್ಟೇಲಿಟ್ಕೊಂಡು ಗ್ಯಾಲರಿ ಮೆಟ್ಟಿಲು ಹತ್ತಿದ್ದು ಇದಕ್ಕೇನೋ?"

"ಕೆಲಸ ಉಳೀತಮ್ಮಾ."

"ನಿನ್ನ ಕೆಲಸಕ್ಕೆ ಬೆಂಕಿ ಬೀಳ. ಹಳದಿಯೋರೂ ಇದಕ್ಕಿಂತ ಚೆನ್ನಾಗಿ ಬರೀತಾರೆ."

ಬರೆದೂ ಇದ್ದರು. ಅಮ್ಮ ಅಂಗಡಿಗೆ ಹೋಗಿ ಆ ಪತ್ರಿಕೆ ತಂದಳು. ಅಕ್ಕನ ವರದಿ: "ಆ ಚೆಂಡು ಬರುತ್ತಿದ್ದ ಚಂದಕ್ಕೆ ನಮ್ಮ ಗೋಲ್‌ಕೀಪರನೂ ಒಂದು ಕ್ಷಣ ನೋಡುತ್ತ ನಿಂತುಬಿಟ್ಟ." ಅಮ್ಮ ಗಟ್ಟಿಯಾಗಿ ಓದಿ ಕಣ್ಣೊರೆಸಿಕೊಂಡಳು. ಕತ್ತರಿ ಹುಡುಕಿದಳು.

ಮೊಳೆ ಹೊಡೆಯುವ ಕೆಲಸ ಕೆಂಡನದೇ. ಕುರ್ಚಿ ಹತ್ತಿದ.

"ಸ್ವಲ್ಪ ಎಡಕ್ಕೆ. ಆಯಮ್ಮನ ಹೆಸರು ಕಾಣ್ಬೇಕು."

ಚೌಕಟ್ಟು ತೂಗಿತು. ಕೆಂಡ ಆ ಸಾಲನ್ನು ಮತ್ತೊಮ್ಮೆ ಓದಿದ. ನಿನ್ನೆ ನುಂಗಿದ ಕಲ್ಲು ಮೇಲೆದ್ದು ಬಂತು. ಇಲ್ಲಿ ಯಾವ ನಿಯಮವೂ ಇರಲಿಲ್ಲ. ಕುರ್ಚಿಯ ಮೇಲೆ ನಿಂತೇ ಸೂರು ಹಾರಿಹೋಗುವಂತೆ ಕೂಗಿದ.

ಪಕ್ಕದ ಮನೆಯವರು ಗೋಡೆ ಬಡಿದರು. ಅಮ್ಮ ಲಟ್ಟಣಿಗೆ ತೆಗೆದುಕೊಂಡು ಅವರಿಗಿಂತ ಜೋರಾಗಿ ವಾಪಸ್ಸು ಬಡಿದಳು.